ಬೊಂಬೆಗಾರ ಲೇರ್ಡಾಲ್

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ರಾಮನಗರದ ಬಂಡೆಬೆಟ್ಟಗಳನ್ನು ದಾಟಿ ಮುಂದೆ ಸಾಗಿದರೆ ಚನ್ನಪಟ್ಟಣ ಸಿಗುತ್ತದೆ. ರಸ್ತೆಯ ಬದಿಯ ಅಂಗಡಿಗಳಲ್ಲಿ ಬುಗುರಿ, ಗಿಲಕಿ, ಚಕ್ರದ ಕುದುರೆ, ತಲೆಯಾಡಿಸುವ ಬೊಂಬೆಗಳು ಬಣ್ಣಬಣ್ಣವಾಗಿ ಸಾಲುಗೊಂಡು ನಿಂತಿರುತ್ತವೆ. ಆಲೆ ಮರದ ತುಂಡನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ, ಉಳಿಯಿಂದ ಕಡೆದು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ, ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹಿಡಿದುಕೊಳ್ಳುತ್ತದೆ. ಅದರ ಮೇಲೆ ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಈ ಕಸುಬಿನವರು ಮಾಡುವ ವಸ್ತು ಮಗುವಿನ ಕೈಗೆ, ಎಷ್ಟೋ ವೇಳೆ ಬಾಯಿಗೆ, ಹೋಗುವಂಥದು. ಆದ್ದರಿಂದ ಅಂಚು ಚುಚ್ಚದಂತೆ, ಬಣ್ಣ ಕೇಡು ಮಾಡದಂತೆ ನೋಡಿಕೊಳ್ಳುವ ಎಚ್ಚರ ಅವರಿಗೆ ಸಹಜವಾಗಿ ಬಂದಿರುತ್ತದೆ.

ಇಂಥದೇ ಕಸುಬಿನ ಒಬ್ಬರು ಯೂರೋಪಿನ ಉತ್ತರದ ತುದಿಯಲ್ಲಿರುವ ನಾರ್ವೆ ದೇಶದಲ್ಲಿದ್ದರು. ಮಕ್ಕಳ ಆಟಿಕೆಗಳಿಂದ ತೊಡಗಿ, ಕಡೆಗೆ ಅವರು ಮಾಡಿದ ಒಂದು ಬೊಂಬೆ ಜಗತ್ತಿನ ಆಸ್ಪತ್ರೆಗಳನ್ನೂ ವೈದ್ಯಕೀಯ ಶಾಲೆಗಳನ್ನೂ ಸೇರಿತು. ಅವರೇ ಆಸ್ಮುಂಡ್ ಲೇರ್ಡಾಲ್.

ಲೇರ್ಡಾಲ್ ಹುಟ್ಟಿದ್ದು 1913ರಲ್ಲಿ. ನಾರ್ವೆಯ ಪಶ್ಚಿಮ ಕಡಲತೀರದ ಸ್ಟಾವಾಂಗರ್ ಎಂಬ ಬಂದರು ಪಟ್ಟಣ ಅವರ ಕಾರ್ಯಕ್ಷೇತ್ರವಾಯಿತು. 1940ರಲ್ಲಿ ಅವರು ಅಲ್ಲಿ ಒಂದು ಸಣ್ಣ ಪ್ರಕಾಶನ ಸಂಸ್ಥೆಯನ್ನು ತೆರೆದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ನಾರ್ವೆಯ ಮೇಲೆ ದಾಳಿ ಮಾಡಿತು. ಮುಂದಿನ ಐದು ವರ್ಷ ಆ ದೇಶ ಪರರ ಆಳ್ವಿಕೆಯಲ್ಲಿತ್ತು. ವ್ಯಾಪಾರ ತೊಡಗಲು ಅದಕ್ಕಿಂತ ಕೆಟ್ಟ ಕಾಲ ಬೇರೊಂದಿರಲಾರದು. ಶುಭಾಶಯದ ಕಾರ್ಡುಗಳು, ಮಕ್ಕಳ ಪುಸ್ತಕಗಳು, ಆಮೇಲೆ ಮರದ ಆಟಿಕೆಗಳು, ಹೀಗೆ ಸಂಸ್ಥೆ ಬೆಳೆಯಿತು.

ಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ ಎಂಬ ಹೊಸ ಪದಾರ್ಥ ಎಲ್ಲ ಕಡೆ ಕಾಣಿಸಿಕೊಂಡಿತು. ಅಂದಿನ ಹೆಚ್ಚಿನ ತಯಾರಕರಿಗೆ ಅದು ಗಡುಸಾದ, ಅಗ್ಗದ ಸಾಮಗ್ರಿ ಮಾತ್ರವಾಗಿತ್ತು. ಲೇರ್ಡಾಲ್ ಅದರ ಮೃದುತ್ವವನ್ನು ಗುರುತಿಸಿದರು. ಹಿಂಡಿದರೆ ಕುಗ್ಗಿ ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುವ ಮೆದು ಪ್ಲಾಸ್ಟಿಕ್ಕಿನಿಂದ ಅವರು ‘ಟಾಮ್ಟೆ’ ಎಂಬ ಪುಟ್ಟ ಕಾರುಗಳನ್ನು ಮಾಡಿದರು. ಅವು ದೇಶವಿದೇಶಗಳ ಮಕ್ಕಳ ಕೈ ಸೇರಿದವು. ಚರ್ಮದಂತೆ ಮೃದುವಾದ ಮೈಯುಳ್ಳ ಒಂದು ಹೆಣ್ಣು ಬೊಂಬೆಯನ್ನೂ ಮಾಡಿ ಅದಕ್ಕೆ ಆನ್ನೆ ಎಂದು ಹೆಸರಿಟ್ಟರು. ಆನ್ನೆ ಬೊಂಬೆ ನಾರ್ವೆಯ ಮನೆಮನೆಯಲ್ಲೂ ಮೆಚ್ಚುಗೆ ಪಡೆಯಿತು. ಅವರ ಬದುಕು ಇಲ್ಲಿಗೇ ನಿಂತಿದ್ದರೂ ಅದನ್ನು ಸಫಲವೆಂದೇ ಹೇಳಬೇಕಾಗಿತ್ತು.

ಆದರೆ ಆ ಮೆದು ಪ್ಲಾಸ್ಟಿಕ್ಕಿನ ಸುದ್ದಿ ಆಟಿಕೆಯ ಅಂಗಡಿಯ ಹೊರಗೂ ಹಬ್ಬಿತ್ತು. 1950ರ ದಶಕದಲ್ಲಿ ನಾರ್ವೆಯ ನಾಗರಿಕ ರಕ್ಷಣಾ ಪಡೆಯವರು ಅವರನ್ನು ಒಂದು ವಿಚಿತ್ರವಾದ ಕೆಲಸಕ್ಕಾಗಿ ಕೇಳಿಕೊಂಡರು. ಪ್ರಥಮ ಚಿಕಿತ್ಸೆ ಕಲಿಯುವವರ ಅಭ್ಯಾಸಕ್ಕಾಗಿ ಕೃತಕ ಗಾಯಗಳು ಬೇಕಾಗಿದ್ದವು. ಮೂಳೆ ಮುರಿದು ಹೊರಚಾಚಿದಂತೆ, ಚರ್ಮ ಸುಟ್ಟಂತೆ, ಮಾಂಸ ಹರಿದು ರಕ್ತ ಒಸರುವಂತೆ ಕಾಣುವ ಗಾಯಗಳನ್ನು ಲೇರ್ಡಾಲರ ಕಾರ್ಖಾನೆ ತಯಾರಿಸಿತು. ಅವನ್ನು ಆರೋಗ್ಯವಂತನ ಕೈಕಾಲಿಗೆ ಕಟ್ಟಿದರೆ ನೋಡಿದವರ ಎದೆ ಝಲ್ಲೆನ್ನುತ್ತಿತ್ತು. ನಿಜವಾದ ಗಾಯವನ್ನು ಕಂಡಾಗ ಕೈ ನಡುಗದಿರಬೇಕಾದರೆ ಸುಳ್ಳು ಗಾಯವನ್ನು ಮೊದಲು ಹಲವು ಸಲ ಕಂಡಿರಬೇಕು ಎಂಬ ವಿಚಾರ ಇದರ ಹಿಂದಿತ್ತು. ಇಂದು ಅಪಘಾತದ ಗಾಯಾಳುಗಳನ್ನು ನೋಡಿಕೊಳ್ಳುವ ವೈದ್ಯರ ತಂಡಗಳಿಗೆ ಕೃತಕ ರೋಗಿಯ ಮೇಲೆ ಕೊಡುವ ತರಬೇತಿಯ ಬೀಜ ಈ ಪ್ಲಾಸ್ಟಿಕ್ ಗಾಯಗಳಲ್ಲೇ ಇತ್ತೆಂದರೆ ತಪ್ಪಾಗದು.

ಇದೇ ದಶಕದಲ್ಲಿ ಅವರ ಮನೆಯಲ್ಲಿಯೇ ಒಂದು ಘೋರ ಕ್ಷಣ ಒದಗಿತು. ಅವರ ಎರಡು ವರ್ಷದ ಮಗ ಟೋರೆ ನೀರಿಗೆ ಬಿದ್ದನು. ತಂದೆ ಮಗುವನ್ನು ಮೇಲೆತ್ತಿದಾಗ ಅದರಲ್ಲಿ ಚಲನೆಯೇ ಇರಲಿಲ್ಲ. ಅವರು ಕೂಡಲೇ ಮಗುವಿನ ಮೈಯನ್ನು ಒತ್ತಿ, ಒಳಸೇರಿದ್ದ ನೀರನ್ನು ಹೊರಡಿಸಿ, ಉಸಿರಿನ ದಾರಿಯನ್ನು ತೆರವು ಮಾಡಿದರು. ಮಗು ಉಸಿರಾಡಿತು. ಬದುಕಿದ ಆ ಮಗುವೇ ಬೆಳೆದು ಮುಂದೆ ತಂದೆಯ ಸಂಸ್ಥೆಯ ಹೊಣೆಯನ್ನು ಹೊತ್ತನು. ಅಂದು ಅವರಿಗೆ ನೆರವಾದದ್ದು ಪಾಠದಿಂದ ಬಂದ ತಿಳಿವಳಿಕೆಯಲ್ಲ, ಆ ಗಳಿಗೆಯ ತೋಚಿಕೆ. ಹಾಗೆ ತೋಚದೆ ಹೋಗಿದ್ದರೆ?

ಆಗ ಜಗತ್ತಿನ ಎಲ್ಲ ಕಡೆಯೂ ಇದ್ದ ಸ್ಥಿತಿ ಇದೇ. ಉಸಿರು ನಿಂತವನನ್ನು ಬದುಕಿಸುವ ಬಗೆಯನ್ನು ಪ್ರಥಮ ಚಿಕಿತ್ಸೆಯ ತರಗತಿಗಳಲ್ಲಿ ಕಲಿಸುತ್ತಿದ್ದರು, ನಿಜ. ಆದರೆ ಆ ಬಗೆಯೇ ಸರಿಯಿರಲಿಲ್ಲ. ರೋಗಿಯನ್ನು ಬೋರಲಾಗಿ ಮಲಗಿಸಿ ಬೆನ್ನನ್ನು ಒತ್ತುವುದು, ತೋಳುಗಳನ್ನು ಎತ್ತಿ ಇಳಿಸುವುದು, ಇವೇ ಅಂದಿನ ಕ್ರಮಗಳು. ಪ್ರಜ್ಞೆ ತಪ್ಪಿದವನ ನಾಲಗೆ ಸಡಿಲವಾಗಿ ಹಿಂದಕ್ಕೆ ಜಾರಿ ಗಂಟಲನ್ನು ಮುಚ್ಚುತ್ತದೆ. ಮುಚ್ಚಿದ ಬಾಗಿಲಿನ ಮನೆಗೆ ಹೊರಗಿನಿಂದ ಎಷ್ಟು ಬೀಸಿದರೂ ಗಾಳಿ ಹೋದೀತೆ?

ಇದನ್ನು ಮೊದಲು ಚೆನ್ನಾಗಿ ಅರಿತವರು ಅರಿವಳಿಕೆ ವೈದ್ಯರು. ಅದಕ್ಕೆ ಕಾರಣವಿದೆ. ಶಸ್ತ್ರಚಿಕಿತ್ಸೆಯ ವೇಳೆ ರೋಗಿಗೆ ನೋವು ತಿಳಿಯದಂತೆ ಮದ್ದು ಕೊಡುವುದಷ್ಟೇ ಅವರ ಕೆಲಸವೆಂದು ಜನ ತಿಳಿಯುತ್ತಾರೆ. ಆದರೆ ಆ ಮದ್ದುಗಳಲ್ಲಿ ಕೆಲವು ಉಸಿರಾಟದ ಸ್ನಾಯುಗಳನ್ನೇ ಸ್ತಬ್ಧಗೊಳಿಸುತ್ತವೆ. ಆಗ ರೋಗಿಯ ಪರವಾಗಿ ಉಸಿರಾಟವನ್ನು ನಡೆಸುವವರು ಅರಿವಳಿಕೆ ವೈದ್ಯರೇ. ಉಸಿರಾಡದ ದೇಹವನ್ನು ದಿನವೂ ಬದುಕಿಸಿಡುವ ಅಭ್ಯಾಸ ಅವರಿಗಿರುವಷ್ಟು ಬೇರೆಯವರಿಗೆ ಇರುವುದಿಲ್ಲ.

ಅಮೆರಿಕದ ಜೇಮ್ಸ್ ಎಲಾಮ್ ಅಂಥವರಲ್ಲೊಬ್ಬರು. ಮನುಷ್ಯನು ಹೊರಬಿಡುವ ಉಸಿರಿನಲ್ಲಿಯೂ ನೂರಕ್ಕೆ ಸುಮಾರು 16 ಪಾಲು ಆಮ್ಲಜನಕ ಉಳಿದಿರುತ್ತದೆಂದೂ ಇನ್ನೊಬ್ಬನನ್ನು ಬದುಕಿಸಲು ಅದು ಸಾಕೆಂದೂ ಅವರು ತೋರಿಸಿದ್ದರು. 1956ರಲ್ಲಿ ಒಂದು ಸಮ್ಮೇಳನದಿಂದ ಹಿಂದಿರುಗುವಾಗ ಅವರೊಡನೆ ಕಾರಿನಲ್ಲಿ ಪಯಣಿಸಿದ ಇನ್ನೊಬ್ಬ ಅರಿವಳಿಕೆ ವೈದ್ಯ ಪೀಟರ್ ಸಾಫಾರ್ ಈ ವಿಚಾರವನ್ನು ಹಿಡಿದುಕೊಂಡರು. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕೆಲಸ ಮಾಡುತ್ತಿದ್ದ ಸಾಫಾರ್ ನಡೆಸಿದ ಪ್ರಯೋಗ ಇಂದು ನೆನೆದರೂ ಮೈ ನವಿರೇಳಿಸುವಂಥದು. ತಾವಾಗಿಯೇ ಒಪ್ಪಿ ಬಂದ ಸ್ವಯಂಸೇವಕರು ನಿದ್ರೆಯ ಮದ್ದನ್ನೂ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಕ್ಯುರಾರೆ ಎಂಬ ಮದ್ದನ್ನೂ ಚುಚ್ಚಿಸಿಕೊಂಡು, ಸ್ವಂತ ಉಸಿರನ್ನು ಬಿಟ್ಟುಕೊಟ್ಟು ಮಲಗಿದರು. ವೈದ್ಯಶಾಸ್ತ್ರ ಅರಿಯದ ಸಾಮಾನ್ಯ ಜನರು ಅವರ ಬಾಯಿಗೆ ಬಾಯಿಟ್ಟು ಉಸಿರೂದಿದರು. ತಲೆಯನ್ನು ಹಿಂದಕ್ಕೆ ಬಾಗಿಸಿ ಗಲ್ಲವನ್ನು ಮೇಲಕ್ಕೆತ್ತಿದರೆ ನಾಲಗೆ ಸರಿದು ದಾರಿ ತೆರೆಯುತ್ತದೆ, ಎದೆ ಏಳುತ್ತದೆ ಎಂಬುದು ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿದುಬಂತು. ಹುಟ್ಟಿದೊಡನೆ ಅಳದ ಕೂಸಿಗೆ ಬಾಯಿಂದ ಉಸಿರೂದುವ ಉಪಾಯವನ್ನು ಸೂಲಗಿತ್ತಿಯರು ತಲೆಮಾರುಗಳಿಂದ ಬಲ್ಲರು. ಅದೇ ಉಪಾಯಕ್ಕೆ ವಿಜ್ಞಾನದ ಮುದ್ರೆ ಬಿತ್ತೆನ್ನಬಹುದು.

ಸತ್ಯವೇನೋ ತಿಳಿಯಿತು, ಆದರೆ ಅದನ್ನು ಲಕ್ಷಾಂತರ ಜನರಿಗೆ ಕಲಿಸುವುದು ಹೇಗೆ? ಕಲಿಯುವ ಪ್ರತಿಯೊಬ್ಬನಿಗಾಗಿಯೂ ಇನ್ನೊಬ್ಬ ಮನುಷ್ಯನ ಉಸಿರನ್ನು ನಿಲ್ಲಿಸಿ ಮಲಗಿಸುವುದು ಆಗದ ಮಾತು. ಆರೋಗ್ಯವಂತರ ಎದೆಯನ್ನು ಬಲವಾಗಿ ಒತ್ತಿ ಅಭ್ಯಾಸ ಮಾಡುವುದೂ ಅಪಾಯವೇ. ಬರಿಯ ಚಿತ್ರ ನೋಡಿ, ಮಾತು ಕೇಳಿ ಕಲಿತ ವಿದ್ಯೆ ಆಪತ್ತಿನಲ್ಲಿ ಕೈಗೆ ಬರುವುದಿಲ್ಲ.

1958ರಲ್ಲಿ ನಾರ್ವೆಯ ಗೌಸ್‌ಡಾಲ್ ಎಂಬಲ್ಲಿ ಉತ್ತರ ಯೂರೋಪಿನ ಅರಿವಳಿಕೆ ವೈದ್ಯರ ಸಮ್ಮೇಳನ ನಡೆಯಿತು. ಸಾಫಾರ್ ಅಲ್ಲಿ ತಮ್ಮ ಪ್ರಯೋಗಗಳನ್ನು ವಿವರಿಸಿದರು. ಕೇಳುತ್ತಿದ್ದವರಲ್ಲಿ ಸ್ಟಾವಾಂಗರಿನ ಅರಿವಳಿಕೆ ವೈದ್ಯ ಬ್ಯೋರ್ನ್ ಲಿಂಡ್ ಒಬ್ಬರು. ತಮ್ಮ ಊರಿನ ಆಟಿಕೆಯ ಕಾರ್ಖಾನೆ ಅವರ ನೆನಪಿಗೆ ಬಂತು. ಕೃತಕ ಗಾಯ ಮಾಡಬಲ್ಲವರು ಕೃತಕ ರೋಗಿಯನ್ನೇಕೆ ಮಾಡಬಾರದು? ಈ ಬೇಡಿಕೆ ಲೇರ್ಡಾಲರ ಮುಂದೆ ಬಂದಾಗ ಅವರು ತಡಮಾಡಲಿಲ್ಲ. ನೀರಿನಿಂದ ಎತ್ತಿದ ಮಗನ ನಿಶ್ಚಲವಾದ ಮೈಯನ್ನು ತೋಳುಗಳಲ್ಲಿ ಹಿಡಿದಿದ್ದ ತಂದೆಗೆ ಈ ಕೆಲಸದ ಬೆಲೆಯನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಬೊಂಬೆ ಮನುಷ್ಯಪ್ರಮಾಣದ್ದಾಗಿರಬೇಕೆಂದು ನಿಶ್ಚಯವಾಯಿತು. ಅದರ ರಚನೆಯಲ್ಲಿ ಒಂದು ಜಾಣ್ಮೆಯಿತ್ತು. ತಲೆಯನ್ನು ಸರಿಯಾಗಿ ಹಿಂದಕ್ಕೆ ಬಾಗಿಸದಿದ್ದರೆ ಗಂಟಲಿನ ದಾರಿ ಮುಚ್ಚಿಕೊಂಡೇ ಇರುತ್ತಿತ್ತು. ಎಷ್ಟು ಊದಿದರೂ ಎದೆ ಏಳುತ್ತಿರಲಿಲ್ಲ. ಸರಿಯಾಗಿ ಬಾಗಿಸಿ, ಮೂಗನ್ನು ಮುಚ್ಚಿ ಊದಿದರೆ ಎದೆ ನಿಜವಾದ ಎದೆಯಂತೆ ಉಬ್ಬುತ್ತಿತ್ತು. ತಪ್ಪು ಮಾಡಿದವನಿಗೆ ಗುರು ಬಂದು ಹೇಳಬೇಕಾಗಿರಲಿಲ್ಲ, ಬೊಂಬೆಯೇ ಹೇಳುತ್ತಿತ್ತು. ಹತ್ತು ಸಲ ತಪ್ಪಿದರೂ ಯಾರ ಜೀವವೂ ಹೋಗುತ್ತಿರಲಿಲ್ಲ.

ಇನ್ನು ಮುಖ ಹೇಗಿರಬೇಕು? ಗಂಡಸಿನ ಮುಖವಾದರೆ ಬಾಯಿಗೆ ಬಾಯಿಡಲು ಅಂದಿನ ಗಂಡಸರು ಹಿಂಜರಿಯಬಹುದೆಂದು ಲೇರ್ಡಾಲ್ ಭಾವಿಸಿದರು. ಮುಖ ಭಯ ಹುಟ್ಟಿಸಬಾರದು, ಹಾಗೆಂದು ಆಟದ ಬೊಂಬೆಯಂತೆಯೂ ಇರಬಾರದು. ಬಂಧುಗಳ ಮನೆಯ ಗೋಡೆಯಲ್ಲಿ ಕಂಡಿದ್ದ ಒಂದು ಮುಖವಾಡ ಅವರಿಗೆ ನೆನಪಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸಿನ ಸೇನ್ ನದಿಯಲ್ಲಿ ಮುಳುಗಿ ಸತ್ತ, ಹೆಸರು ತಿಳಿಯದ ತರುಣಿಯೊಬ್ಬಳ ಮುಖದ ಅಚ್ಚು ಅದೆಂದು ಪ್ರತೀತಿ. ಕಣ್ಣು ಮುಚ್ಚಿ ನಸುನಗುವಂತಿರುವ ಆ ಮುಖದ ಪ್ರತಿಗಳನ್ನು ಯೂರೋಪಿನ ಅನೇಕರು ಮನೆಯಲ್ಲಿ ತೂಗುಹಾಕುತ್ತಿದ್ದರು. ಮುಳುಗಿ ಸತ್ತವರ ಮುಖ ಅಷ್ಟು ಪ್ರಶಾಂತವಾಗಿರಲಾರದು, ಅದು ಜೀವಂತ ರೂಪದರ್ಶಿಯ ಮುಖವೇ ಇರಬೇಕು ಎನ್ನುವವರೂ ಉಂಟು. ಅವರ ವಾದದಲ್ಲಿ ಹುರುಳಿದೆ. ಏನೇ ಇರಲಿ, ಲೇರ್ಡಾಲ್ ಆ ಮುಖವನ್ನೇ ಬೊಂಬೆಗೆ ಕೊಟ್ಟರು. ಹೆಸರನ್ನು ಮಾತ್ರ ತಮ್ಮ ಹಳೆಯ ಆಟದ ಬೊಂಬೆಯಿಂದ ತೆಗೆದುಕೊಂಡರು. ಹೀಗೆ 1960ರಲ್ಲಿ ‘ರೆಸಸಿ ಆನ್ನೆ’ ಹೊರಬಂತು.

ಅದೇ ವರ್ಷ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ವಿದ್ಯುತ್ ಎಂಜಿನಿಯರ್ ಕೌವೆನ್‌ಹೋವೆನ್ ಮತ್ತು ಅವರ ಜೊತೆಗಾರ ವೈದ್ಯರು ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಹೃದಯ ನಿಂತಾಗ ಎದೆಯನ್ನು ಸೀಳಬೇಕಾಗಿಲ್ಲ. ಎದೆಯ ನಡುವೆ ಎರಡು ಕೈಗಳಿಂದ ಲಯಬದ್ಧವಾಗಿ ಒತ್ತಿದರೆ ರಕ್ತ ಮಿದುಳಿನವರೆಗೆ ಹರಿಯುತ್ತದೆ ಎಂಬುದು ಅವರ ಶೋಧನೆ. ಲೇರ್ಡಾಲ್ ತಮ್ಮ ಬೊಂಬೆಯ ವಿಷಯವಾಗಿ ಸಾಫಾರರನ್ನು ಕಂಡಾಗ, ಅದರ ಎದೆಯೊಳಗೆ ಒಂದು ಸ್ಪ್ರಿಂಗನ್ನು ಕೂಡಿಸಬೇಕೆಂಬ ಸಲಹೆ ಬಂತು. ಅಂದಿನಿಂದ ಆನ್ನೆ ಉಸಿರೂದುವುದನ್ನೂ ಎದೆಯೊತ್ತುವುದನ್ನೂ ಒಟ್ಟಿಗೆ ಕಲಿಸತೊಡಗಿದಳು. ಈಗಿನ ನಿಯಮದಂತೆ ದೊಡ್ಡವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಆ ಆಳವೆಷ್ಟೆಂಬುದು ಪುಸ್ತಕದಿಂದ ತಿಳಿಯದು, ಅಂಗೈಗೆ ತಿಳಿಯಬೇಕು.

1961ರಲ್ಲಿ ಸ್ಟಾವಾಂಗರಿನಲ್ಲಿ ಈ ವಿಷಯದ ಬಗ್ಗೆ ಅಂತಾರಾಷ್ಟ್ರೀಯ ವಿಚಾರಗೋಷ್ಠಿ ಸೇರಿತು. ನಾರ್ವೆಯ ಶಾಲೆಗಳಿಗೆ ಬೊಂಬೆಗಳು ಬಂದವು. ಬಾಯಿಂದ ಉಸಿರೂದುವ ವಿದ್ಯೆಯನ್ನು ಶಾಲೆಯ ಮಕ್ಕಳೂ ಬೊಂಬೆಯ ಮೇಲೆ ಸ್ವತಃ ಅಭ್ಯಾಸ ಮಾಡಿ ಕಲಿಯಬಲ್ಲರೆಂದು ಲಿಂಡ್ ತೋರಿಸಿಕೊಟ್ಟರು. ಹಿರಿಯರಿಗೆ ಕಷ್ಟವೆನಿಸಿದ್ದನ್ನು ಕಿರಿಯರು ಸಂಕೋಚವಿಲ್ಲದೆ ಕಲಿತರು.

ಈ ವಿದ್ಯೆಗೆ ಮಿತಿಗಳಿಲ್ಲದಿಲ್ಲ. 1966ರಲ್ಲಿ ಸಾಫಾರರ ಎಳೆಯ ಮಗಳು ಎಲಿಜಬೆತ್ ಉಬ್ಬಸದ ತೀವ್ರ ದಾಳಿಗೆ ತುತ್ತಾದಳು. ಅವಳ ಹೃದಯ ಮತ್ತೆ ಮಿಡಿಯಿತು, ಮಿದುಳು ಮಾತ್ರ ಚೇತರಿಸಲಿಲ್ಲ. ಸ್ಟಾವಾಂಗರಿನ ತಂದೆಗೆ ಮಗ ದಕ್ಕಿದ್ದನು. ಈ ತಂದೆಗೆ ಮಗಳು ದಕ್ಕಲಿಲ್ಲ. ಸಾಫಾರ್ ತಮ್ಮ ಉಳಿದ ಆಯುಷ್ಯವನ್ನು ಉಸಿರು ನಿಂತ ವೇಳೆಯಲ್ಲಿ ಮಿದುಳನ್ನು ಕಾಪಾಡುವ ಬಗೆಯ ಶೋಧನೆಗೆ ಮೀಸಲಿಟ್ಟರು.

ಲೇರ್ಡಾಲ್ ವೈದ್ಯರಲ್ಲ, ವಿಜ್ಞಾನಿಯೂ ಅಲ್ಲ. ವೈದ್ಯರ ಮಾತನ್ನು ಗಮನವಿಟ್ಟು ಕೇಳಿ ಅದನ್ನು ವಸ್ತುವಾಗಿ ಮಾಡಿಕೊಡಬಲ್ಲ ಕಸುಬುದಾರರು. ಕೈತುಂಬ ಲಾಭ ತರುತ್ತಿದ್ದ ಆಟಿಕೆಯ ವ್ಯಾಪಾರವನ್ನು ಅವರ ಸಂಸ್ಥೆ ಕ್ರಮೇಣ ಬಿಟ್ಟು, ಜೀವರಕ್ಷಣೆಯ ಸಾಧನಗಳನ್ನೇ ತನ್ನ ಉದ್ಯೋಗವಾಗಿಸಿಕೊಂಡಿತು. ವ್ಯಾಪಾರಿಯ ಲೆಕ್ಕಾಚಾರದಿಂದ ನೋಡಿದರೆ ಇದು ಸಾಹಸವೇ ಸರಿ. ತುರ್ತು ವೈದ್ಯಕೀಯದ ಸಂಶೋಧನೆಗೆ ನೆರವಾಗಲು 1980ರಲ್ಲಿ ಒಂದು ಪ್ರತಿಷ್ಠಾನ ಸ್ಥಾಪನೆಯಾಯಿತು. ಮರುವರ್ಷ, 1981ರಲ್ಲಿ, ಆಸ್ಮುಂಡ್ ಲೇರ್ಡಾಲ್ ತೀರಿಕೊಂಡರು.

ಅವರು ತೊಡಗಿಸಿದ ಕೆಲಸ ಅವರೊಡನೆ ಮುಗಿಯಲಿಲ್ಲ. ಅವರು ಬದುಕಿದ್ದಾಗಲೇ, 1960ರ ದಶಕದ ಕೊನೆಗೆ, ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಅರಿವಳಿಕೆ ವೈದ್ಯರ ಶಿಕ್ಷಣಕ್ಕಾಗಿ ‘ಸಿಮ್ ಒನ್’ ಎಂಬ ಕಂಪ್ಯೂಟರ್ ಚಾಲಿತ ಬೊಂಬೆ ಸಿದ್ಧವಾಗಿತ್ತು. ದುಬಾರಿಯಾದ ಕಾರಣ ಅದು ಒಂದಕ್ಕೇ ನಿಂತಿತು. 1980ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನ ಅರಿವಳಿಕೆ ತಜ್ಞ ಡೇವಿಡ್ ಗಾಬಾ ಮತ್ತು ಅವರ ಸಂಗಡಿಗರು ವಿಮಾನ ಚಾಲಕರ ತರಬೇತಿಯನ್ನು ಮಾದರಿಯಾಗಿಟ್ಟುಕೊಂಡರು. ಆಪತ್ತಿನಲ್ಲಿ ರೋಗಿಗೆ ಕೇಡಾಗುವುದು ಯಾವಾಗಲೂ ಒಬ್ಬ ವೈದ್ಯನ ಅಜ್ಞಾನದಿಂದಲೇ ಅಲ್ಲ. ಯಾರು ಏನು ಮಾಡಬೇಕೆಂಬುದು ತಂಡಕ್ಕೆ ಸ್ಪಷ್ಟವಾಗದಿರುವುದರಿಂದಲೂ ಆಗುತ್ತದೆ. ಆದ್ದರಿಂದ ಒಬ್ಬೊಬ್ಬರ ಕೈಗಳ ಜೊತೆಗೆ ಇಡೀ ತಂಡದ ನಡವಳಿಕೆಯನ್ನೂ ಬೊಂಬೆಯ ಸುತ್ತ ತಿದ್ದತೊಡಗಿದರು. 2000ದ ಇಸವಿಯಲ್ಲಿ ಲೇರ್ಡಾಲರ ಸಂಸ್ಥೆಯೇ ‘ಸಿಮ್ ಮ್ಯಾನ್’ ಎಂಬ ಬೊಂಬೆಯನ್ನು ಹೊರತಂದಿತು. ಅದರ ನಾಡಿ ಮಿಡಿಯುತ್ತದೆ, ಎದೆಯಲ್ಲಿ ಉಸಿರಿನ ಸದ್ದು ಕೇಳುತ್ತದೆ. ಶಿಕ್ಷಕನು ಬಯಸಿದರೆ ರಕ್ತದ ಒತ್ತಡ ಇಳಿಯುತ್ತದೆ, ನಾಲಗೆ ಊದಿಕೊಳ್ಳುತ್ತದೆ.

ನಾರ್ವೆಯ ಉತ್ತರದ ಕೊನೆಯ ಹ್ಯಾಮರ್‌ಫೆಸ್ಟ್ ಎಂಬ ಸಣ್ಣ ಪಟ್ಟಣದಲ್ಲಿ 1990ರ ದಶಕದ ಕೊನೆಗೆ ಅರಿವಳಿಕೆ ವೈದ್ಯರ ಮುಂದಾಳುತನದಲ್ಲಿ ಮೊದಲಾದ ತರಬೇತಿ ಇವೆಲ್ಲಕ್ಕಿಂತ ಸರಳ, ಬಹುಶಃ ಹೆಚ್ಚು ಉಪಯುಕ್ತ. ದೊಡ್ಡ ಕೇಂದ್ರಕ್ಕೆ ಹೋಗಿ ಕಲಿತು ಬರುವ ಬದಲು, ಆಸ್ಪತ್ರೆಯ ತಂಡ ತನ್ನದೇ ತುರ್ತು ಕೊಠಡಿಯಲ್ಲಿ, ತನ್ನದೇ ಸಲಕರಣೆಗಳೊಂದಿಗೆ, ಬೊಂಬೆಯೊಂದನ್ನು ಗಾಯಾಳುವೆಂದು ಬಗೆದು ಅಭ್ಯಾಸ ಮಾಡುತ್ತದೆ. ವರ್ಷಕ್ಕೆ ಕೆಲವೇ ಸಲ ಭೀಕರ ಅಪಘಾತವನ್ನು ಕಾಣುವ ಸಣ್ಣ ಆಸ್ಪತ್ರೆಗೆ ಇಂಥ ಅಭ್ಯಾಸ ದೊಡ್ಡ ಆಸ್ಪತ್ರೆಗಿಂತ ಹೆಚ್ಚು ಅಗತ್ಯ.

ಈ ಮಾತನ್ನು ನಮ್ಮ ನಾಡಿಗೆ ಅನ್ವಯಿಸಿ ನೋಡಬಹುದು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಮೊದಲ ತಿಂಗಳುಗಳಲ್ಲೇ ಅಪಘಾತಗಳಲ್ಲಿ ಅನೇಕರು ಪ್ರಾಣ ಕಳೆದುಕೊಂಡರು. ಅದೇ ವರ್ಷದ ಆಗಸ್ಟ್‌ನಿಂದ ಅದರ ಮುಖ್ಯ ಪಥಗಳಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳ ಸಂಚಾರವನ್ನು ನಿಷೇಧಿಸಲಾಯಿತು. ಕನಕಪುರದ ರಸ್ತೆ, ಮಾಗಡಿಯ ರಸ್ತೆಗಳಲ್ಲೂ ವಾಹನಗಳ ದಟ್ಟಣೆ ಏರುತ್ತಲೇ ಇದೆ. ಗಾಯಾಳುವನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಒಯ್ಯುವುದಕ್ಕೆ ಮುಂಚೆ ಎಷ್ಟೋ ವೇಳೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಂಥ ಊರುಗಳ ಆಸ್ಪತ್ರೆಯೇ ಆಸರೆ. 2008ರ ನವೆಂಬರ್‌ನಿಂದ ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆಯಿದೆ. ಅದು ಬರುವವರೆಗಿನ ನಿಮಿಷಗಳು ಮಾತ್ರ ದಾರಿಹೋಕರ ಕೈಯಲ್ಲಿರುತ್ತವೆ. ಭಾರತೀಯ ಅರಿವಳಿಕೆ ತಜ್ಞರು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಆಸ್ಪತ್ರೆಯ ಹೊರಗೆ ಹೃದಯ ನಿಂತು ಕುಸಿದ ವಯಸ್ಕರಿಗೆ ಸಾಮಾನ್ಯ ಜನರು ಬಾಯಿಂದ ಉಸಿರೂದದೆ ಎದೆಯೊತ್ತುವುದನ್ನಷ್ಟೇ ಮಾಡಿದರೆ ಸಾಕೆಂದು ಹೇಳಿ ಕಲಿಕೆಯನ್ನು ಸುಲಭಗೊಳಿಸಿದರು.

ಗಾಯಾಳು ಆಸ್ಪತ್ರೆಯ ಬಾಗಿಲಿಗೆ ಬಂದ ಮೇಲೆ ತಂಡದ ಕೆಲಸ. ಅರಿವಳಿಕೆ ವೈದ್ಯರು ತಲೆಯ ಬಳಿ ನಿಲ್ಲುತ್ತಾರೆ. ಕುತ್ತಿಗೆಯ ಮೂಳೆಗೆ ಪೆಟ್ಟಾಗಿರಬಹುದಾದ್ದರಿಂದ ತಲೆಯನ್ನು ಹಿಂದಕ್ಕೆ ಬಾಗಿಸುವಂತಿಲ್ಲ. ಕುತ್ತಿಗೆ ಅಲುಗದಂತೆ ಒಬ್ಬರು ಹಿಡಿದಿರಲು, ದವಡೆಯನ್ನು ಮಾತ್ರ ಮುಂದಕ್ಕೆ ತಂದು ಉಸಿರಿನ ದಾರಿಯನ್ನು ತೆರೆಯಬೇಕು. ಶಸ್ತ್ರವೈದ್ಯರು ರಕ್ತಸ್ರಾವವನ್ನು ಹುಡುಕುತ್ತಾರೆ, ದಾದಿಯರು ರಕ್ತನಾಳಕ್ಕೆ ಸೂಜಿ ಸೇರಿಸುತ್ತಾರೆ, ಇನ್ನೊಬ್ಬರು ವೇಳೆಯನ್ನೂ ಕೊಟ್ಟ ಮದ್ದನ್ನೂ ಬರೆದಿಡುತ್ತಾರೆ. ಮುಂದಾಳು ಯಾರೆಂಬುದು ಎಲ್ಲರಿಗೂ ತಿಳಿದಿರಬೇಕು. ಕೊಟ್ಟ ಆಜ್ಞೆಯನ್ನು ಕೇಳಿದವರು ಗಟ್ಟಿಯಾಗಿ ಮರುನುಡಿಯಬೇಕು. ಕಿರಿಯ ದಾದಿಯ ಕಣ್ಣಿಗೆ ತಪ್ಪೊಂದು ಬಿದ್ದರೆ ಹಿರಿಯ ವೈದ್ಯರಿಗೂ ಅದನ್ನು ಅಂಜದೆ ಹೇಳುವ ರೂಢಿಯಿರಬೇಕು. ತರಬೇತಿಯ ಕೊಠಡಿಯಲ್ಲಿ ಇವೆಲ್ಲ ಮೊದಲ ಸಲ ಎಡವುತ್ತವೆ. ಇಬ್ಬರು ಒಂದೇ ಕೆಲಸಕ್ಕೆ ಕೈಹಾಕುತ್ತಾರೆ, ಇನ್ನೊಂದು ಕೆಲಸವನ್ನು ಯಾರೂ ಮಾಡುವುದಿಲ್ಲ, ಪರದೆಯ ಮೇಲೆ ಬೊಂಬೆಯ ನಾಡಿ ಕ್ಷೀಣಿಸಿ ನಿಲ್ಲುತ್ತದೆ. ಎಲ್ಲರೂ ಕುಳಿತು ನಡೆದುದನ್ನು ಮೊದಲಿನಿಂದ ಚರ್ಚಿಸುತ್ತಾರೆ. ಅಷ್ಟು ಹೊತ್ತಿಗೆ ಬೊಂಬೆಯನ್ನು ಒರೆಸಿ, ನಾಡಿಯನ್ನು ಮತ್ತೆ ಚಾಲೂ ಮಾಡಿ, ಮೇಜಿನ ಮೇಲೆ ಮಲಗಿಸಿರುತ್ತಾರೆ. ತಂಡ ಎದ್ದು ಎರಡನೆಯ ಸಲಕ್ಕೆ ಅದರ ಸುತ್ತ ನಿಲ್ಲುತ್ತದೆ.